ಸಂಪಾದಕರ ಉತ್ತರ: ಐದನೇ ಸ್ಥಾನದ ತಂಡಕ್ಕೆ ಈ ಸಲ ಏನಿದೆ?

ಪ್ರಿಯ ಓದುಗರೆ,

ನಿಮ್ಮ ಪತ್ರ ಸಿಕ್ಕಿತು. ಎರಡು ಸಲ ಓದಿದೆ. ಹೊಸ ಹಾಕಿ ಸೀಸನ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಾಗ ನಿಮ್ಮ ತಂಡಕ್ಕೆ ನಾವು ಕೊಟ್ಟಿದ್ದು ಒಂದೇ ಸಾಲು: 'ಈ ಸಲವೂ ನಡುವಿನಲ್ಲೇ ಉಳಿಯಬಹುದು.' ಅದು ನಿಮಗೆ ನೋವು ಕೊಟ್ಟಿದೆ. 'ಗೆಲ್ಲುವವರಿಗೆ ಎರಡು ಪುಟ, ಕೊನೆಯಲ್ಲಿರುವವರಿಗೆ ಮರುಕದ ಅರ್ಧ ಪುಟ, ನಮ್ಮಂಥವರಿಗೆ ಒಂದು ಸಾಲು. ಇದು ನ್ಯಾಯವಾ?' ಎಂದು ಕೇಳಿದ್ದೀರಿ. ಖಂಡಿತ ನ್ಯಾಯವಲ್ಲ. ಆ ಒಂದು ಸಾಲು ಬರೆದವನು ನಾನೇ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗಲಿದೆ.

ಉಳಿದ ಓದುಗರಿಗಾಗಿ ಪತ್ರದ ಸಾರ ಹೇಳಿಬಿಡುತ್ತೇನೆ. ಲೀಗ್‌ನಲ್ಲಿ ಎಂಟು ತಂಡಗಳು. ಇವರ ತಂಡ ಕಳೆದ ಸಲ ಐದನೆಯದು, ಅದರ ಹಿಂದಿನ ಸಲವೂ ಐದನೆಯದು. ದೊಡ್ಡ ಅಂತರದಲ್ಲಿ ಸೋತಿದ್ದು ಕಡಿಮೆ. ಡ್ರಾ ಮಾತ್ರ ಜಾಸ್ತಿ. ತಂಡದ ಡ್ರ್ಯಾಗ್ ಫ್ಲಿಕರ್, ಅಂದರೆ ಚೆಂಡನ್ನು ಸ್ಟಿಕ್‌ನಿಂದ ಎಳೆದು ಗೋಲಿನತ್ತ ಜೋರಾಗಿ ಎಸೆಯುವ ಹುಡುಗ, ಬೇರೆ ತಂಡಕ್ಕೆ ಹೋಗಿದ್ದಾನೆ. ಹೊಸ ಕೋಚ್ ಬಂದಿದ್ದಾರೆ, ಜೊತೆಗೆ ಇಬ್ಬರು ಎಳೆ ಹುಡುಗರು. ಗೋಲ್‌ಕೀಪರ್‌ಗೆ 35 ದಾಟಿದೆ. 'ಈ ಸಲ ಆಸೆ ಇಟ್ಟುಕೊಳ್ಳಬಹುದಾ, ಇಲ್ಲ ಸುಮ್ನೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾ?' ಇದು ನಿಮ್ಮ ಪ್ರಶ್ನೆ.

ಆಸೆ ಇಟ್ಟುಕೊಳ್ಳಿ. ಕಪ್ ಮೇಲೆ ಬೇಡ, ನಾಲ್ಕನೇ ಸ್ಥಾನದ ಮೇಲೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಆ ಡ್ರಾಗಳ ಲೆಕ್ಕ ನೋಡಿ. ಗೆದ್ದರೆ ಮೂರು ಅಂಕ, ಡ್ರಾ ಆದರೆ ಒಂದು. ಎರಡು ಪಂದ್ಯ ಡ್ರಾ ಮಾಡಿಕೊಂಡವರಿಗೆ ಸಿಗುವುದು ಎರಡು ಅಂಕ. ಒಂದು ಗೆದ್ದು ಒಂದು ಸೋತವರಿಗೆ ಮೂರು. ಸೋಲಲಿಲ್ಲವಲ್ಲ ಎಂದು ನಾವು ಸಮಾಧಾನದಿಂದ ಮನೆಗೆ ಹೋಗುತ್ತೇವೆ, ಪಟ್ಟಿಯಲ್ಲಿ ಮಾತ್ರ ಪಕ್ಕದವರು ಮೇಲೆ ಹೋಗಿರುತ್ತಾರೆ. ಕಳೆದ ಸಲದ ಡ್ರಾಗಳಲ್ಲಿ ಎರಡನ್ನು ಗೆಲುವು ಮಾಡಿಕೊಂಡರೆ ನಾಲ್ಕು ಅಂಕ ಹೆಚ್ಚಾಗುತ್ತದೆ. ನಡುವಿನ ತಂಡಗಳ ನಡುವೆ ಅಂತರವೇ ಅಷ್ಟಿರುತ್ತದೆ. ನಿಮ್ಮ ತಂಡ ಈಗಿನದಕ್ಕಿಂತ ದುಪ್ಪಟ್ಟು ಒಳ್ಳೆಯ ತಂಡ ಆಗಬೇಕಾಗಿಲ್ಲ. ಒಂದು ಗೋಲು ಜಾಸ್ತಿ ಹೊಡೆಯಬೇಕು, ಅದೂ ಎಲ್ಲ ಪಂದ್ಯಗಳಲ್ಲಲ್ಲ.

ಆ ಒಂದು ಗೋಲು ಎಲ್ಲಿಂದ ಬರಬೇಕು? ಫ್ಲಿಕರ್ ಹೋದ ಮೇಲೆ ಪೆನಾಲ್ಟಿ ಕಾರ್ನರ್ (ಗೋಲಿನ ಮುಂದೆ ಎದುರಾಳಿ ತಪ್ಪು ಮಾಡಿದಾಗ ಸಿಗುವ ದಾಳಿಯ ಅವಕಾಶ) ಕಥೆ ಮುಗಿಯಿತು ಎಂದು ನೀವು ಬರೆದಿದ್ದೀರಿ. ಇಲ್ಲಿ ನನ್ನ ಅಭಿಪ್ರಾಯ ಬೇರೆ.

ಹಿಂದೊಮ್ಮೆ ಒಂದು ಪಂದ್ಯವನ್ನು ಗೋಲ್ ಕಂಬದ ಹಿಂದೆ, ಬಲೆಗೆ ಹತ್ತಿರ ನಿಂತು ನೋಡಿದ್ದೆ. ಗ್ಯಾಲರಿಯಿಂದ ನೋಡುವುದೇ ಬೇರೆ, ಅಲ್ಲಿಂದ ನೋಡುವುದೇ ಬೇರೆ. ಪೆನಾಲ್ಟಿ ಕಾರ್ನರ್ ಸಿಕ್ಕಿತು. ಚೆಂಡು ತಳ್ಳುವ ಹುಡುಗ ಕಂಬದಿಂದ 10 ಮೀಟರ್ ದೂರದ ಗುರುತಿನ ಹತ್ತಿರ ಬಂದು ಬಗ್ಗಿದ. ಮೊಣಕಾಲು ಮಡಿಚಿ, ಎಡಗೈ ಗೆಣ್ಣು ಟರ್ಫ್‌ಗೆ ತಾಗುವಷ್ಟು ಕೆಳಗೆ. ಒಂದು ಸಲ ತಲೆ ಎತ್ತಿ ಸ್ಟಾಪರ್ ಕಡೆ, ಅಂದರೆ ಆ ಚೆಂಡನ್ನು ನಿಲ್ಲಿಸಿಕೊಡುವವನ ಕಡೆ ನೋಡಿದ. ತಳ್ಳಿದ. ಒದ್ದೆ ಟರ್ಫ್ ಮೇಲೆ ಚೆಂಡು ನೀರು ಚಿಮ್ಮಿಸುತ್ತಾ ಹೋಯಿತು. ಆದರೆ ಸ್ಟಾಪರ್ ಸ್ಟಿಕ್ ಇಟ್ಟ ಜಾಗದಿಂದ ಒಂದು ಗೇಣು ಆಚೆ. ಅವನು ಸ್ಟಿಕ್ ಎಳೆದು ಚೆಂಡು ನಿಲ್ಲಿಸಿದ, ಅದು ಸ್ವಲ್ಪ ಎಗರಿತು. ಫ್ಲಿಕರ್ ಹೆಜ್ಜೆ ಬದಲಿಸಬೇಕಾಯಿತು. ಅಷ್ಟರೊಳಗೆ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಗೋಲ್ ಒಳಗಿಂದ ಓಡಿಬಂದ ಮೊದಲ ಡಿಫೆಂಡರ್ ಅವನ ಸ್ಟಿಕ್ ಮುಂದೆಯೇ ಇದ್ದ. ಚೆಂಡು ಅವನ ಪ್ಯಾಡ್‌ಗೆ ಬಡಿದು ಹೊರಗೆ ಹೋಯಿತು. 'ಏನ್ ಫ್ಲಿಕ್ ಮಾರಾಯಾ ಅದು!' ಎಂದು ನನ್ನ ಪಕ್ಕದವರು ಫ್ಲಿಕರ್‌ಗೆ ಬೈದರು. ತಪ್ಪಿದ್ದು ಆ ಒಂದು ಗೇಣು.

ಅವತ್ತಿನಿಂದ ನಾನು ಪೆನಾಲ್ಟಿ ಕಾರ್ನರ್ ನೋಡುವಾಗ ಮೊದಲು ಚೆಂಡು ತಳ್ಳುವವನನ್ನು ನೋಡುತ್ತೇನೆ. ಚೆಂಡು ಡಿ, ಅಂದರೆ ಗೋಲಿನ ಮುಂದಿನ ಅರ್ಧವೃತ್ತ, ದಾಟಿ ಹೊರಗೆ ಹೋಗಬೇಕು, ಅಲ್ಲಿ ಸ್ಟಾಪರ್ ಅದನ್ನು ನಿಲ್ಲಿಸುತ್ತಾನೆ, ಆಮೇಲೆ ಹೊಡೆತ. ಡಿ ಗೆರೆ ಗೋಲಿನಿಂದ 14.63 ಮೀಟರ್. ಗೋಲ್‌ಕೀಪರ್ ಸೇರಿ ಐವರು ಮಾತ್ರ ಗೋಲು ಕಾಯಬಹುದು, ಎದುರು ತಂಡದ ಉಳಿದವರೆಲ್ಲ ನಡುಗೆರೆ ಆಚೆ ನಿಲ್ಲಬೇಕು. ಇಡೀ ಪಂದ್ಯದಲ್ಲಿ ದಾಳಿ ಮಾಡುವವರಿಗೆ ಇಷ್ಟು ಅನುಕೂಲ ಇನ್ನೆಲ್ಲೂ ಸಿಗುವುದಿಲ್ಲ. ಇಷ್ಟೆಲ್ಲ ಸಿಕ್ಕಿದ ಮೇಲೂ ತಳ್ಳಿದ ಚೆಂಡು ನಿಧಾನವಾದರೆ, ನಿಲ್ಲಿಸಿದ ಚೆಂಡು ಎಗರಿದರೆ, ಜಗತ್ತಿನ ಅತ್ಯುತ್ತಮ ಫ್ಲಿಕರ್ ಕೂಡ ಏನೂ ಮಾಡಲಾರ. ನಿಮ್ಮ ತಂಡದ ಕಳೆದ ವರ್ಷದ ಪಂದ್ಯಗಳ ವಿಡಿಯೊ ಕೆಲವನ್ನು ಈ ವಾರ ಮತ್ತೆ ಹಾಕಿ ನೋಡಿದೆ. ಕಾರ್ನರ್‌ಗಳು ಸಿಕ್ಕಿದ್ದು ಕಡಿಮೆಯಲ್ಲ. ಬಹಳಷ್ಟು ಹಾಳಾಗಿದ್ದು ಫ್ಲಿಕ್ ಮಾಡುವುದಕ್ಕೂ ಮುಂಚೆಯೇ.

ಅಂದರೆ ಹೋದ ಹುಡುಗನ ಜೊತೆ ನಿಮ್ಮ ಕಾರ್ನರ್ ಹೋಗಲಿಲ್ಲ. ಚೆಂಡು ತಳ್ಳುವುದು, ನಿಲ್ಲಿಸುವುದು ಕಲಿತು ಬರುವ ಕೆಲಸ. ದಿನಾ ನೂರು ಸಲ ತಳ್ಳಿ ನೂರು ಸಲ ನಿಲ್ಲಿಸಿದರೆ ಬರುತ್ತದೆ. ಗಂಟೆಗೆ ನೂರು ಕಿಲೋಮೀಟರ್ ಮೀರಿ ಫ್ಲಿಕ್ ಮಾಡುವ ತೋಳು ಎಲ್ಲರಿಗೂ ಇರುವುದಿಲ್ಲ, ಒಪ್ಪೋಣ. ಆದರೆ ಮೊದಲ ಹೊಡೆತ ನೇರ ಹಿಟ್ ಆದರೂ ಆಗುತ್ತದೆ. ಅದು ಗೋಲಿನ ಒಳಗಿನ ಹಲಗೆಯ ಎತ್ತರ, ಅಂದರೆ 460 ಮಿಲಿಮೀಟರ್ ದಾಟಬಾರದು ಅಷ್ಟೇ. ಫ್ಲಿಕ್ ಮಾಡುವ ಹಾಗೆ ತೋರಿಸಿ ಪಕ್ಕದವನಿಗೆ ಜಾರಿಸಬಹುದು. ಕಂಬದ ಹತ್ತಿರ ಒಬ್ಬ ನಿಂತು ದಿಕ್ಕು ತಿರುಗಿಸಬಹುದು. ಒಬ್ಬನೇ ಹೊಡೆಯುತ್ತಾನೆ ಎಂದು ಗೊತ್ತಿದ್ದಾಗ ಡಿಫೆಂಡರ್‌ಗಳು ನೇರ ಅವನ ಮೇಲೆ ಓಡುತ್ತಾರೆ. ಯಾರು ಹೊಡೆಯುತ್ತಾರೆ ಗೊತ್ತಿಲ್ಲದಿದ್ದರೆ ಅರ್ಧ ಹೆಜ್ಜೆ ತಡೆಯುತ್ತಾರೆ. ಆ ಅರ್ಧ ಹೆಜ್ಜೆ ಸಾಕು.

ವಾಪಸ್ ಬರುವ ಚೆಂಡನ್ನೂ ಮರೆಯಬೇಡಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರ ಆಗಸ್ಟ್ 5ರಂದು, ಜರ್ಮನಿ ವಿರುದ್ಧ ನಮ್ಮವರು 1-3 ಹಿಂದಿದ್ದರು. ಹರ್ಮನ್‌ಪ್ರೀತ್ ಸಿಂಗ್ ಮಾಡಿದ ಫ್ಲಿಕ್ ಅನ್ನು ಕೀಪರ್ ತಡೆದರು. ತಡೆದ ಚೆಂಡು ಬಿದ್ದ ಜಾಗಕ್ಕೆ ಹಾರ್ದಿಕ್ ಸಿಂಗ್ ಬಂದಾಗಿತ್ತು. ಗೋಲ್. ಅಲ್ಲಿಂದಲೇ ಪಂದ್ಯ ತಿರುಗಿತು. ಕೊನೆಗೆ 5-4, ಕಂಚು. ಫ್ಲಿಕ್ ತಪ್ಪಿದ ಮೇಲೂ ಆ ಕಾರ್ನರ್ ಕೈಕೊಡಲಿಲ್ಲ, ಯಾಕೆಂದರೆ ಇನ್ನೊಬ್ಬ ಸುಮ್ನೆ ನಿಂತು ನೋಡಲಿಲ್ಲ. ಅದೇ ಟೂರ್ನಿಯಲ್ಲಿ ಕೆಲವೇ ದಿನ ಮುಂಚೆ ಅದೇ ತಂಡ ಆಸ್ಟ್ರೇಲಿಯಾ ಕೈಲಿ 7-1 ಸೋತಿತ್ತು ಎನ್ನುವುದೂ ನೆನಪಿರಲಿ. ನಿಮ್ಮ ತಂಡ ಮೊದಲ ವಾರದಲ್ಲಿ ಒಂದು ಪಂದ್ಯ ಕೆಟ್ಟದಾಗಿ ಸೋತರೆ ನನಗೆ ಆವತ್ತೇ ಪತ್ರ ಬರೆಯಬೇಡಿ.

ಹೊಸ ಕೋಚ್ ವಿಷಯ. ಅವರು ಎದುರಾಳಿಗಳ ಅರ್ಧದಲ್ಲೇ ಹೋಗಿ ಒತ್ತುವ ಆಟ ಆಡಿಸುತ್ತಾರೆ ಎಂದು ನೀವು ಖುಷಿಯಿಂದ ಬರೆದಿದ್ದೀರಿ. ನೋಡಲು ನನಗೂ ಆ ಆಟ ಇಷ್ಟ. ಒಂದೇ ಭಯ, ಅದಕ್ಕೆ ಉಸಿರು ಬೇಕು. 15 ನಿಮಿಷದ ನಾಲ್ಕು ಕ್ವಾರ್ಟರ್. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಹೊರಗೆ ಹೋದವನು ಮತ್ತೆ ಒಳಗೆ ಬರಬಹುದು. ಹಾಗಾಗಿ ಈಗಿನ ಹಾಕಿಯಲ್ಲಿ ಬೆಂಚ್ ಮೇಲೆ ಕೂತವರೂ ಆಡುವ ಹನ್ನೊಂದರಷ್ಟೇ ಮುಖ್ಯ. ನಿಮ್ಮ ತಂಡದ ಹಳೇ ರೋಗ ಇಲ್ಲೇ ಇದೆ ಅನ್ನಿಸುತ್ತದೆ. ಮೂರು ಕ್ವಾರ್ಟರ್ ಚೆನ್ನಾಗಿ ಆಡುತ್ತಾರೆ. ನಾಲ್ಕನೆಯದರಲ್ಲಿ ಮಿಡ್‌ಫೀಲ್ಡರ್‌ಗಳು ವಾಪಸ್ ಓಡುವುದು ನಿಲ್ಲುತ್ತದೆ. ಆಗ ಡಿಫೆಂಡರ್ ಅವಸರಕ್ಕೆ ಬಿದ್ದು ಡಿ ಒಳಗೆ ಸ್ಟಿಕ್ ಹಾಕುತ್ತಾನೆ, ಎದುರಿನವರಿಗೆ ಕಾರ್ನರ್ ಸಿಗುತ್ತದೆ. ಗೆಲ್ಲುತ್ತಿದ್ದ ಪಂದ್ಯ ಡ್ರಾ ಆಗುವುದು ಹೀಗೆ. ಹಳೇ ಕೋಚ್ ತಮಗೆ ನಂಬಿಕೆ ಇದ್ದ ಹುಡುಗರನ್ನೇ ಜಾಸ್ತಿ ಹೊತ್ತು ಆಡಿಸುತ್ತಿದ್ದರು. ಅವರ ಕಷ್ಟ ನನಗೆ ಅರ್ಥ ಆಗುತ್ತದೆ, ಬೆಂಚ್ ತೆಳುವಾಗಿತ್ತು. ಈ ಸಲ ಬಂದ ಇಬ್ಬರು ಎಳೆಯರಿಂದ ಗೋಲುಗಳನ್ನು ಈಗಲೇ ಕೇಳಬೇಡಿ. ಅವರು ತಲಾ ಐದಾರು ನಿಮಿಷ ಜೀವ ಕೊಟ್ಟು ಓಡಿ, ಹಿರಿಯರಿಗೆ ಉಸಿರು ಬಿಡಲು ಅವಕಾಶ ಮಾಡಿಕೊಟ್ಟರೆ ಅದೇ ದೊಡ್ಡದು.

ಕಾರ್ಡ್‌ಗಳ ವಿಷಯದಲ್ಲೂ ಹುಷಾರಾಗಿರಬೇಕು. ಗ್ರೀನ್ ಕಾರ್ಡ್ ಅಂದರೆ ಎರಡು ನಿಮಿಷ ಹೊರಗೆ, ಯೆಲ್ಲೋ ಅಂದರೆ ಕಡಿಮೆ ಅಂದರೂ ಐದು ನಿಮಿಷ. ಅಷ್ಟು ಹೊತ್ತು ಹತ್ತೇ ಜನ. ಒತ್ತಿ ಆಡುವ ತಂಡಕ್ಕೆ ಒಬ್ಬ ಕಡಿಮೆಯಾದರೆ ಹಿಂದೆ ಮೈದಾನ ಪೂರ್ತಿ ಖಾಲಿ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, 2024ರ ಕ್ವಾರ್ಟರ್ ಫೈನಲ್‌ನಲ್ಲಿ ನಮ್ಮ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್ ಬಂದಾಗ ಇನ್ನೂ 40 ನಿಮಿಷಕ್ಕೂ ಜಾಸ್ತಿ ಆಟ ಬಾಕಿ ಇತ್ತು. ಹತ್ತು ಜನರೇ ಬ್ರಿಟನ್ ತಂಡವನ್ನು 1-1ಕ್ಕೆ ತಡೆದು, ಸಮವಾದ ಪಂದ್ಯ ತೀರ್ಮಾನಿಸುವ ಶೂಟೌಟ್‌ನಲ್ಲಿ 4-2 ಗೆದ್ದರು. ಅದು ಅಪರೂಪದ ಧೈರ್ಯ. ಪ್ರತಿ ವಾರ ಅಂಥದ್ದನ್ನು ಯಾವ ತಂಡದಿಂದಲೂ ಕೇಳುವ ಹಾಗಿಲ್ಲ.

'ನಡುವಿನ ತಂಡ ಎಂದಾದರೂ ಮೇಲೆ ಬಂದಿದ್ದು ಉಂಟಾ?' ಎಂದೂ ಕೇಳಿದ್ದೀರಿ. ಉಂಟು. ಬೆಲ್ಜಿಯಂ ಗಂಡಸರ ತಂಡ 1976ರ ನಂತರ 2008ರವರೆಗೆ ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಪಡೆದಿರಲಿಲ್ಲ. 2012ರಲ್ಲಿ ಅವರು ಐದನೆಯವರು, ನಿಮ್ಮ ಹಾಗೆಯೇ. 2016ರಲ್ಲಿ ಬೆಳ್ಳಿ, 2018ರಲ್ಲಿ ವಿಶ್ವಕಪ್, ಟೋಕಿಯೊದಲ್ಲಿ ಚಿನ್ನ. ಇದು ಒಂದು ಸೀಸನ್‌ನ ಕೆಲಸವಾಗಿರಲಿಲ್ಲ. ಎಳೆಯರನ್ನು ಒಟ್ಟಿಗೆ ಬೆಳೆಸಿ, ಸೋತಾಗಲೂ ಅವರನ್ನೇ ಆಡಿಸಿ ಬಂದ ಫಲ ಅದು. ಇನ್ನೊಂದು ಉದಾಹರಣೆ ಐರ್ಲೆಂಡ್ ಹೆಂಗಸರದು. 2018ರ ಲಂಡನ್ ವಿಶ್ವಕಪ್‌ಗೆ ಬಂದಾಗ ಅವರ ರ‍್ಯಾಂಕಿಂಗ್ 16. ಫೈನಲ್‌ವರೆಗೂ ಹೋದರು. ದಾರಿಯಲ್ಲಿ ನಮ್ಮ ಹುಡುಗಿಯರನ್ನೂ ಕ್ವಾರ್ಟರ್ ಫೈನಲ್‌ನಲ್ಲಿ ಗೋಲೇ ಇಲ್ಲದ ಪಂದ್ಯದ ನಂತರ ಶೂಟೌಟ್‌ನಲ್ಲಿ ಸೋಲಿಸಿದರು. ಆ ಸಂಜೆ ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ. ಆದರೆ ಅವರ ದಾರಿ ಗಮನಿಸಿ. ಗೋಲುಗಳ ಸುರಿಮಳೆ ಏನೂ ಇರಲಿಲ್ಲ. ಬಿಗಿ ಡಿಫೆನ್ಸ್, ಆಯೇಶಾ ಮ್ಯಾಕ್‌ಫೆರನ್ ಎಂಬ ಗಟ್ಟಿ ಗೋಲ್‌ಕೀಪರ್, ಶೂಟೌಟ್‌ಗೆ ಮೊದಲೇ ಮಾಡಿಕೊಂಡ ತಯಾರಿ. ಫೈನಲ್‌ನಲ್ಲಿ ನೆದರ್ಲೆಂಡ್ಸ್ 6-0 ಹೊಡೆದು ಕಳಿಸಿತು, ನಿಜ. ಅಲ್ಲಿಯವರೆಗೆ ಬಂದಿದ್ದೂ ನಿಜವೇ ಅಲ್ವಾ?

ಶೂಟೌಟ್ ಎಂದಾಗ ನೆನಪಾಯಿತು. ನಿಮ್ಮ ತಂಡ ನಾಲ್ಕರೊಳಗೆ ಬಂದು ನಾಕೌಟ್ ಆಡಿದರೆ ಅದು ಎದುರಾಗಬಹುದು. 23 ಮೀಟರ್ ಗೆರೆಯಿಂದ ಶುರು, ಎಂಟು ಸೆಕೆಂಡು, ಎದುರಿಗೆ ಕೀಪರ್ ಒಬ್ಬರೇ. ಇದನ್ನು ಅದೃಷ್ಟ ಎನ್ನುವವರ ಮಾತು ನಾನು ನಂಬುವುದಿಲ್ಲ.

ಮೇಲಿರುವ ಮೂರು ತಂಡಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅವು ಈ ಸಲವೂ ಮೇಲೇ ಇರುತ್ತವೆ. ಅವರ ವಿರುದ್ಧ ಸೋತರೆ ಕೊರಗಬೇಡಿ. ನಿಮ್ಮ ಸೀಸನ್ ತೀರ್ಮಾನ ಆಗುವುದು ನಿಮ್ಮ ಅಕ್ಕಪಕ್ಕದ ತಂಡಗಳ ಜೊತೆ ಆಡುವ ಪಂದ್ಯಗಳಲ್ಲಿ. ಅವುಗಳಲ್ಲಿ ಕೊನೆಯ ಕ್ವಾರ್ಟರ್ ಹೇಗೆ ಆಡಿದರು ಅಂತ ನೋಡಿ. ಒಂದು ಗೋಲು ಮುಂದಿದ್ದಾಗ ಸುಮ್ನೆ ಹಿಂದೆ ಸರಿದು ಗೋಲಿನ ಮುಂದೆ ಗುಂಪಾಗಿ ನಿಂತರಾ, ಇಲ್ಲ ಚೆಂಡು ತಮ್ಮ ಹತ್ತಿರ ಇಟ್ಟುಕೊಂಡು ಗಡಿಯಾರ ಓಡಿಸಿದರಾ? ಎರಡನೆಯದು ಕಂಡರೆ ಹೊಸ ಕೋಚ್ ಕೆಲಸ ಶುರು ಮಾಡಿದ್ದಾರೆ ಅಂತ ಅರ್ಥ.

ಇನ್ನು ನಿಮ್ಮ ಪತ್ರದ ಕೊನೆಯ ಸಾಲು: 'ಕೀಪರ್‌ಗೆ ವಯಸ್ಸಾಯಿತು, ಬದಲಾಯಿಸಬೇಕಿತ್ತು.' ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ಜರ್ಮನಿ ವಿರುದ್ಧದ ಆ ಪಂದ್ಯದಲ್ಲಿ ಕೊನೆಯ ಕೆಲವೇ ಸೆಕೆಂಡು ಬಾಕಿ ಇದ್ದಾಗ ಎದುರಾದ ಪೆನಾಲ್ಟಿ ಕಾರ್ನರ್ ತಡೆದ ಪಿ.ಆರ್. ಶ್ರೀಜೇಶ್‌ಗೆ ಆಗ 33. ಪ್ಯಾರಿಸ್‌ನಲ್ಲಿ ಇನ್ನೊಂದು ಕಂಚು ಗೆದ್ದು ಕೊನೆಯ ಪಂದ್ಯ ಮುಗಿಸಿದಾಗ 36. ಫಾರ್ವರ್ಡ್‌ಗೆ ಕಾಲು ನಿಧಾನವಾದರೆ ಕಷ್ಟ. ಕೀಪರ್‌ಗೆ ಕಣ್ಣು, ಧೈರ್ಯ, ಮತ್ತು ಮುಂದೆ ನಿಂತವರನ್ನು ಕೂಗಿ ಸರಿಯಾದ ಜಾಗಕ್ಕೆ ತರುವ ಬಾಯಿ ಮುಖ್ಯ. ನಿಮ್ಮ ಕೀಪರ್‌ಗೆ ಮೂರೂ ಇವೆ. ಕಳೆದ ವರ್ಷ ಆ ಡ್ರಾಗಳಲ್ಲಿ ಕೆಲವು ಸೋಲಾಗದೆ ಉಳಿದಿದ್ದು ಅವರಿಂದಲೇ. ಅವರ ಜೊತೆ ಒಬ್ಬ ಎಳೆ ಕೀಪರ್‌ನನ್ನು ದಿನಾ ಪ್ರಾಕ್ಟೀಸ್‌ಗೆ ನಿಲ್ಲಿಸಲಿ, ಅದು ಬೇಕು. ಬದಲಾಯಿಸುವುದು ಬೇಡ.

ಒಂದು ಕೆಲಸ ಮಾಡುತ್ತೀರಾ? ಮೊದಲ ಮೂರು ಪಂದ್ಯಗಳಲ್ಲಿ ನಿಮ್ಮವರಿಗೆ ಸಿಕ್ಕ ಪೆನಾಲ್ಟಿ ಕಾರ್ನರ್‌ಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ಗೋಲ್ ಆಯಿತೋ ಇಲ್ಲವೋ ಆಮೇಲೆ. ತಳ್ಳಿದ ಚೆಂಡು ಸ್ಟಾಪರ್ ಸ್ಟಿಕ್‌ಗೆ ನೇರ ಬಂತಾ, ಅಲುಗಾಡದೆ ನಿಂತಿತಾ, ಇಷ್ಟು ಬರೆದರೆ ಸಾಕು. ಆ ಹಾಳೆ ನನಗೆ ಕಳಿಸಿ. ಮುಂದಿನ ಸಲ ನಿಮ್ಮ ತಂಡದ ಬಗ್ಗೆ ಬರೆಯುವಾಗ ಅದನ್ನು ಪಕ್ಕದಲ್ಲಿ ಇಟ್ಟುಕೊಂಡೇ ಕೂರುತ್ತೇನೆ.

ನಿಮ್ಮ,
ಸಂಪಾದಕ