ಹಸಿರು ಕಟ್ಟಡ (ಕರೆಂಟು, ನೀರು ಕಡಿಮೆ ಬಳಸುವಂಥದ್ದು) ಅಂದ ಮಾತ್ರಕ್ಕೆ ಬೆಲೆ ಜಾಸ್ತಿ ಆಗುತ್ತಾ? ಕಟ್ಟಡಗಳಿಗೆ ಬೆಲೆ ಕಟ್ಟುವ ಮೌಲ್ಯಮಾಪಕರು ಇದನ್ನು ಹೇಗೆ ಲೆಕ್ಕ ಹಾಕುತ್ತಾರೆ?

ತಾನಾಗಿಯೇ ಆಗುವುದಿಲ್ಲ. ಹಸಿರು ಕಟ್ಟಡ ಎಂಬ ಪ್ರಮಾಣಪತ್ರಕ್ಕೇ ಅಂತ ಸುಮ್ನೆ ಒಂದಿಷ್ಟು ಶೇಕಡಾ ಸೇರಿಸುವುದು ಸರಿಯಾದ ಪದ್ಧತಿಯಲ್ಲ. ಬಾಡಿಗೆ, ಖರ್ಚು, ಅಪಾಯ: ಇವುಗಳಲ್ಲಿ ಯಾವುದು ನಿಜವಾಗಿ ಬದಲಾಗಿದೆ ಎಂದು ನೋಡುತ್ತಾರೆ.

ಬಾಡಿಗೆಗೆ ಕೊಟ್ಟ ಕಟ್ಟಡದ ಬೆಲೆ ಕಟ್ಟುವ ಒಂದು ಸರಳ ದಾರಿ, ವರ್ಷದ ನಿವ್ವಳ ಆದಾಯವನ್ನು ಹೂಡಿಕೆದಾರರು ಬಯಸುವ ಪ್ರತಿಫಲದ ದರದಿಂದ ಭಾಗಿಸುವುದು. ಆದಾಯ 1 ಕೋಟಿ, ದರ ಶೇ. 8 ಅಂದುಕೊಳ್ಳಿ. ಬೆಲೆ 12.5 ಕೋಟಿ. ಕರೆಂಟು, ನೀರಿನಲ್ಲಿ ವರ್ಷಕ್ಕೆ 5 ಲಕ್ಷ ಉಳಿದರೆ ಬೆಲೆ ಸುಮಾರು 62 ಲಕ್ಷ ಏರುತ್ತದೆ. ಆದರೆ ಬಿಲ್ ಕಟ್ಟುವವರು ಬಾಡಿಗೆದಾರರಾದರೆ ಆ ಉಳಿತಾಯ ಅವರದ್ದೇ ಅಲ್ವಾ? ಬಾಡಿಗೆ ಜಾಸ್ತಿ ಸಿಕ್ಕರೆ ಮಾತ್ರ ಮಾಲೀಕರಿಗೆ ಲಾಭ.

ಅಪಾಯದ ಪೆಟ್ಟು ಇನ್ನೂ ಜೋರು. ಕಟ್ಟಡ ಹಳೇ ಮಾದರಿಯದು, ಮುಂದೆ ಬಾಡಿಗೆದಾರರು ಸಿಗುವುದು ಕಷ್ಟ ಎಂದು ಹೂಡಿಕೆದಾರರು ಶೇ. 8.5 ಕೇಳಿದರೆ, ಅದೇ 1 ಕೋಟಿ ಆದಾಯಕ್ಕೆ ಬೆಲೆ 11.76 ಕೋಟಿಗೆ ಇಳಿಯುತ್ತದೆ. ಇದು ಬರೀ ಊಹೆಯಲ್ಲ. ಇಂಗ್ಲೆಂಡಿನಲ್ಲಿ ಇಂಧನ ದಕ್ಷತೆಯಲ್ಲಿ ಎಫ್ ಅಥವಾ ಜಿ ದರ್ಜೆ (ತೀರಾ ಕೆಳಗಿನ ಎರಡು ದರ್ಜೆಗಳು) ಪಡೆದ ಕಟ್ಟಡಗಳನ್ನು, ಕೆಲವು ವಿನಾಯಿತಿ ಬಿಟ್ಟರೆ, 2018ರ ಏಪ್ರಿಲ್‌ನಿಂದ ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ. ಅಂಥ ಕಡೆ ದುರಸ್ತಿಯ ಖರ್ಚನ್ನೇ ನೇರವಾಗಿ ಬೆಲೆಯಿಂದ ಕಳೆಯಬಹುದು. ಆಗ ಅದೇ ಕಾರಣಕ್ಕೆ ಪ್ರತಿಫಲದ ದರವನ್ನೂ ಏರಿಸಿದರೆ ಒಂದೇ ನಷ್ಟವನ್ನು ಎರಡು ಸಲ ಎಣಿಸಿದಂತೆ. ಹಸಿರು ಕಟ್ಟಡಗಳ ಮೌಲ್ಯಮಾಪನದ ವರದಿ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಈ ತಪ್ಪನ್ನೇ.