ಒಂಟಿತನಕ್ಕೆ ವಾದ್ಯ ಕಲಿಯೋದು ನಿಜವಾಗಲೂ ಸಹಾಯ ಮಾಡುತ್ತದಾ?

ನೀವು ಕೇಳಿರುವುದು ಇಷ್ಟು. ಹಾಸನದಿಂದ ವಿಜಯಪುರಕ್ಕೆ ಬ್ಯಾಂಕ್ ಕೆಲಸಕ್ಕೆ ಬಂದಿದ್ದೀರಿ, ಪರಿಚಯದವರು ಯಾರೂ ಇಲ್ಲ, ಸಂಜೆಯಾದರೆ ರೂಮು ಮತ್ತು ಫೋನು. ಒಂದು ವಾದ್ಯ ಕಲಿತರೆ ಈ ಒಂಟಿತನ ಕಮ್ಮಿ ಆಗುತ್ತದಾ, ಇಲ್ಲ ಇನ್ನೂ ಜಾಸ್ತಿ ರೂಮಿಗೇ ಅಂಟಿಕೊಳ್ಳುತ್ತೇನಾ ಅಂತ.

ಎರಡೂ ಆಗಬಹುದು. ಒಬ್ಬರೇ ನುಡಿಸುತ್ತ ಕೂತರೆ ಸಂಜೆ ಕಳೆಯುತ್ತದೆ, ಒಂಟಿತನ ಕಳೆಯುವುದಿಲ್ಲ. ನಾಲ್ಕು ಜನರ ಜೊತೆ ಕೂತು, ಅದರಲ್ಲಿ ಇದು ನಿಮ್ಮ ಪಾಲಿನ ಕೆಲಸ ಅಂತ ಒಂದು ಸಿಕ್ಕರೆ ಕಳೆಯುತ್ತದೆ. ಆ ಕೆಲಸ ಬರೀ ತಾಳ ಹಾಕುವುದಾದರೂ ಸಾಕು.

ನಾನು ಮುಧೋಳದ ಹತ್ತಿರ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಹಗಲು ರಾತ್ರಿ ಗದ್ದಲ. ಟ್ರ್ಯಾಕ್ಟರುಗಳ ಸಾಲು, ಮೂರು ಪಾಳಿ, ಕಟಾವಿನ ಗ್ಯಾಂಗಿನವರ ಗುಡಿಸಲುಗಳು. ಹಂಗಾಮು ಮುಗಿದರೆ ಗ್ಯಾಂಗಿನವರು ಊರಿಗೆ ಹೋಗುತ್ತಾರೆ, ಕ್ವಾರ್ಟರ್ಸಿನಲ್ಲಿ ಅರ್ಧ ಮನೆಗೆ ಬೀಗ. ಬೇಸಿಗೆಯ ಆ ಸಂಜೆಗಳು ನನಗೆ ಬಹಳ ಕಷ್ಟ ಆಗುತ್ತಿದ್ದವು. ಮಾತಿಗೆ ಜನ ಸಿಗುತ್ತಿದ್ದರು, ಚಹಾದಂಗಡಿಯಲ್ಲಿ ಎಷ್ಟು ಬೇಕಾದರೂ ಮಾತಾಡಬಹುದು. ಆದರೆ ನಾನು ಹೋಗದಿದ್ದರೆ ಇವನು ಯಾಕೆ ಬರಲಿಲ್ಲ ಅಂತ ಕೇಳುವವರು ಯಾರೂ ಇರಲಿಲ್ಲ. ನಿಮಗೂ ಇದೇ ಆಗುತ್ತಿದೆ ಅಂತ ನಿಮ್ಮ ಪ್ರಶ್ನೆ ಓದಿದಾಗ ಅನ್ನಿಸಿತು.

ಊರಿನ ಹನಮಪ್ಪನ ಗುಡಿಯಲ್ಲಿ ವಾರಕ್ಕೊಂದು ರಾತ್ರಿ ಭಜನೆ ಇರುತ್ತದೆ. ಒಬ್ಬರು ಪೇಟಿ, ಅಂದರೆ ಹಾರ್ಮೋನಿಯಂ, ಒಬ್ಬರು ತಬಲಾ, ಒಬ್ಬರು ದಮ್ಮಡಿ, ಅಂದರೆ ಕೈಯಲ್ಲಿ ಹಿಡಿದು ಬಾರಿಸುವ ಚರ್ಮವಾದ್ಯ, ಉಳಿದವರಿಗೆ ತಾಳ. ಮುಂದೆ ಕೂತವರು ಒಂದು ಸಾಲು ಹಾಡುತ್ತಾರೆ, ಹಿಮ್ಮೇಳದವರು ಅದನ್ನೇ ತಿರುಗಿ ಹಾಡುತ್ತಾರೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇರೆ ಇಲ್ಲ. ನಿಮಗೆ ಪದ, ಅಂದರೆ ಆ ಹಾಡು, ಬರಬೇಕಿಲ್ಲ, ಈಗಷ್ಟೇ ಕೇಳಿದ್ದನ್ನು ಹಾಡಿದರೆ ಆಯಿತು. ದನಿ ಚೆನ್ನಾಗಿಲ್ಲದಿದ್ದರೂ ಹತ್ತು ದನಿಗಳ ನಡುವೆ ಸೇರಿಹೋಗುತ್ತದೆ. ತಾಳದ ಲೆಕ್ಕ ಹೆಚ್ಚಾಗಿ ಎಂಟು ಮಾತ್ರೆಯದು, ಅಂದರೆ ಎಂಟು ಎಣಿಕೆಯದು, ಕೈ ಬೇಗ ಹಿಡಿಯುತ್ತದೆ. ಪದ ಮುಗಿಯುವ ಹೊತ್ತಿಗೆ ಲಯ ಏರುತ್ತದೆ, ಆಗ ಒಬ್ಬರ ಕೈ ಒಬ್ಬರು ನೋಡಲೇಬೇಕು, ಆ ಹೊತ್ತಿನಲ್ಲಿ ಬೇರೆ ಯೋಚನೆಗೆ ಜಾಗವೇ ಇರುವುದಿಲ್ಲ. ಒಂದು ವಾರ ನಾನು ಹೋಗಲಿಲ್ಲ. ಮರುದಿನ ಬಜಾರಿನಲ್ಲಿ ಒಬ್ಬರು ನಿಲ್ಲಿಸಿ "ಯಾಕ್ರೀ ಸರ, ನಿನ್ನೆ ತಾಳ ಹಾಕಾಕ ಮಂದಿನ ಇರಲಿಲ್ಲ" ಅಂದರು. ಅವರ ಹೆಸರು ಕೂಡ ನನಗೆ ಆಗ ಗೊತ್ತಿರಲಿಲ್ಲ.

ಪೇಟಿ ಕಲಿತಿದ್ದು ಅದಾದ ಮೇಲೆ. ನೀವು ಗಿಟಾರ್, ಕೊಳಲು, ಕೀಬೋರ್ಡ್ ಅಂತ ಪಟ್ಟಿ ಕೊಟ್ಟಿದ್ದೀರಿ. ನನ್ನನ್ನು ಕೇಳಿದರೆ ಪೇಟಿ ಅಂತೀನಿ. ಕೊಳಲಿನಲ್ಲಿ ಮೊದಲು ನಾದ ಬರುವುದಕ್ಕೇ ಒದ್ದಾಡಬೇಕು, ಒಂಟಿಯಾಗಿರುವ ಮನುಷ್ಯ ಅಷ್ಟರಲ್ಲಿ ಬೇಸತ್ತು ಬಿಟ್ಟುಬಿಡುತ್ತಾನೆ. ಪೇಟಿಯಲ್ಲಿ ಗಾಳಿ ತುಂಬುವ ಭಾತೆ ಒತ್ತಿ, ಕೀ ಅದುಮಿದರೆ ಸ್ವರ ತನ್ನ ಜಾಗದಲ್ಲಿ ಸಿದ್ಧವಾಗಿರುತ್ತದೆ, ಅದರ ಜೊತೆ ಹಾಡಲೂಬಹುದು. ಗಂಡಸರ ದನಿಗೆ ಸಾಮಾನ್ಯವಾಗಿ ಕರಿ ಒಂದು, ಅಂದರೆ ಮೊದಲನೇ ಕಪ್ಪು ಕೀ, ಅದರ ಆಸುಪಾಸು ಹೊಂದುತ್ತದೆ. ಅಲ್ಲಿ ಸಾ ಹಿಡಿದು, ಉಸಿರು ಇರುವ ತನಕ ಅದೊಂದನ್ನೇ ಹಾಡಿ. ಅಷ್ಟೇ, ಮೊದಲ ಕೆಲವು ವಾರ. ನಿಮ್ಮ ದನಿ ಪೇಟಿಯ ಸ್ವರಕ್ಕೆ ಸರಿಯಾಗಿ ಕೂತ ಕ್ಷಣ ಎದೆಯಲ್ಲಿ ಗೊತ್ತಾಗುತ್ತದೆ, ಯಾರೂ ಹೇಳಿಕೊಡಬೇಕಿಲ್ಲ. ಆಮೇಲೆ ಎಲ್ಲ ಶುದ್ಧ ಸ್ವರಗಳ ಬಿಲಾವಲ್ ರಾಗ, ನಂತರ ಗುಡಿಯಲ್ಲಿ ಕೇಳಿದ ಒಂದು ಪದದ ಚಾಲಿ, ಅಂದರೆ ಧಾಟಿ. ಮಾಸ್ತರ ಒಬ್ಬರನ್ನು ಹುಡುಕಿಕೊಳ್ಳಿ, ವಿಡಿಯೋ ನೋಡಿ ಕಲಿತರೆ ಬೆರಳು ಅಡ್ಡಾದಿಡ್ಡಿ ಹೋಗುತ್ತವೆ.

ಪೇಟಿ ದೊಡ್ಡ ವಾದ್ಯವಲ್ಲ ಅಂತ ಹೇಳುವವರು ಸಿಗುತ್ತಾರೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಇದರಲ್ಲಿ ಬರುವುದಿಲ್ಲ, ಈ ವಾದ್ಯವೇ ಹೊರದೇಶದಿಂದ ಬಂದಿದ್ದು ಅಂತ 1940ರಲ್ಲಿ ರೇಡಿಯೋದವರೇ ಇದನ್ನು ಹೊರಗಿಟ್ಟಿದ್ದರು, 1971ರ ಹೊತ್ತಿಗೆ ಸಡಿಲ ಮಾಡಿದರು. ಆ ವರ್ಷಗಳಲ್ಲಿ ನಮ್ಮ ಕಡೆಯ ಗುಡಿಗಳಲ್ಲಿ, ನಾಟಕ ಕಂಪನಿಗಳಲ್ಲಿ ಪೇಟಿ ನಿಲ್ಲಲೇ ಇಲ್ಲ. ಬೆಳಗಾವಿಯಲ್ಲಿ ಪಂಡಿತ ಆರ್. ಕೆ. ಬಿಜಾಪುರೆ ಅವರು ದೊಡ್ಡ ದೊಡ್ಡ ಗಾಯಕರಿಗೆ ಪೇಟಿ ಸಾಥ್ ಕೊಟ್ಟರು, ಎಷ್ಟೋ ಜನರಿಗೆ ಕಲಿಸಿದರು. ಜನರನ್ನು ಒಂದು ಸ್ವರದಲ್ಲಿ ಕೂಡಿಸುವುದಕ್ಕೆ ಇದು ಬಹಳ ಒಳ್ಳೆಯ ವಾದ್ಯ, ಈ ಮಾತನ್ನು ನಾನು ಪೂರ್ತಿ ನಂಬುತ್ತೇನೆ.

ರೂಮಿನಲ್ಲಿ ಸದ್ದು ಮಾಡಿದರೆ ಮನೆ ಮಾಲೀಕರು ಬಯ್ಯುತ್ತಾರೆ ಅಂದಿದ್ದೀರಿ. ಹಾಗಾದರೆ ಮೊದಲು ಸಂಗೀತ ಕೇಳುವುದರಿಂದ ಶುರು ಮಾಡಿ. ಫೋನಿನಲ್ಲಿ ತಂಬೂರಿ ಆ್ಯಪ್ ಪುಕ್ಕಟೆ ಸಿಗುತ್ತದೆ, ಅದನ್ನು ಸಣ್ಣಗೆ ಹಚ್ಚಿ ಬಾಯಿ ಮುಚ್ಚಿಕೊಂಡೇ ಗುನುಗಬಹುದು. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರಿಗೆ ಇಪ್ಪತ್ತರ ಹರೆಯದಲ್ಲಿ ಕ್ಷಯ ಬಂತು, ಮಧ್ಯಪ್ರದೇಶದ ದೇವಾಸಿನಲ್ಲಿ ವರ್ಷಗಟ್ಟಲೆ ಹಾಡಬಾರದು ಅಂತ ವೈದ್ಯರು ಹೇಳಿದರು. ಚಿಕ್ಕಂದಿನಿಂದ ಹಾಡಿಯೇ ಹೆಸರು ಮಾಡಿದವರು ಅವರು. ಆ ಕಾಲದಲ್ಲಿ ಹಾಸಿಗೆಯ ಮೇಲಿಂದಲೇ ಮಾಳವದ ಜನಪದ ಹಾಡುಗಳಿಗೆ ಕಿವಿ ಕೊಟ್ಟರು, ಎದ್ದ ಮೇಲೆ ಅವರ ಸಂಗೀತದ ದಾರಿಯೇ ಬದಲಾಯಿತು. ಕೇಳುವುದೂ ಕಲಿಕೆಯೇ, ಅದನ್ನು ಸುಮ್ನೆ ಕಾಲಹರಣ ಅಂದುಕೊಳ್ಳಬೇಡಿ.

ನೀವಿರುವ ಊರಿನ ಪಕ್ಕದ ತೊರವಿ ಕಡೆಗೂ ಒಂದು ಭಾನುವಾರ ಹೋಗಿಬನ್ನಿ. ವಿಜಯಪುರದ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾ ಸಂಗೀತಕ್ಕೆಂದೇ ನವರಸಪುರ ಅನ್ನುವ ಊರು ಕಟ್ಟಿಸಿದ ಜಾಗ ಅದು, ಸಂಗೀತ ಮಹಲ್ ಪಾಳುಬಿದ್ದು ನಿಂತಿದೆ. ಅವನು ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟು, ತಾನು ಬರೆದ ಪದಗಳಲ್ಲಿ ಹೆಂಡತಿಯ ಜೊತೆ, ತನ್ನ ಆನೆಯ ಜೊತೆ ಅದನ್ನೂ ನೆನೆಯುತ್ತಾನೆ. ಸುಲ್ತಾನನಿಗೆ ಸುತ್ತ ಜನರ ಕೊರತೆ ಇರಲಿಲ್ಲ, ಆದರೂ ವಾದ್ಯ ಅವನಿಗೆ ಮನೆಯವರಲ್ಲಿ ಒಬ್ಬರಾಗಿತ್ತು. ನನಗೆ ಇದು ಬಹಳ ಇಷ್ಟ.

ಕಲಿತಿದ್ದನ್ನು ರೆಕಾರ್ಡ್ ಮಾಡಿ ಹಾಕುವ ಆಸೆ ಬರುತ್ತದೆ. ಸದ್ಯಕ್ಕೆ ಬೇಡ. ಎಷ್ಟು ಜನ ನೋಡಿದರು ಅಂತ ರಾತ್ರಿ ಪೂರ್ತಿ ಫೋನ್ ತೆಗೆದು ನೋಡುವುದು ಶುರುವಾಗುತ್ತದೆ, ನೀವು ಬಿಡಬೇಕು ಅಂದುಕೊಂಡಿರುವುದು ಅದನ್ನೇ ಅಲ್ವಾ.

ಇನ್ನೊಂದು ಮಾತು, ಗಂಭೀರವಾಗಿ. ನಿದ್ದೆ ಹೋಗಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಅದಕ್ಕೆ ಪೇಟಿ ಔಷಧಿ ಅಲ್ಲ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ ಹತ್ತಿರ ಹೋಗಿ, ಭಜನೆಗೂ ಹೋಗಿ.

ಪೇಟಿ ಕೊಳ್ಳುವುದು ಆಮೇಲೆ. ಮೊದಲು ನಿಮ್ಮ ಓಣಿಯ ಸುತ್ತ ಯಾವ ಗುಡಿ, ಯಾವ ಮಠದಲ್ಲಿ ಭಜನೆ ನಡೆಯುತ್ತದೆ ಅಂತ ಕಿರಾಣಿ ಅಂಗಡಿಯಲ್ಲಿ ವಿಚಾರಿಸಿ. ಸೋಮವಾರ, ಶನಿವಾರ, ಅಮಾವಾಸ್ಯೆ, ಇವುಗಳಲ್ಲಿ ಒಂದು ದಿನ ಇದ್ದೇ ಇರುತ್ತದೆ. ಹೋಗಿ ಹಿಂದೆ ಕೂತು, ಹಿಮ್ಮೇಳಕ್ಕೆ ಬರಬಹುದೇನ್ರಿ ಅಂತ ಕೇಳಿ. ನಿಮ್ಮ ಹಾಸನದ ಮಾತು ಕೇಳಿ ಯಾವೂರು, ಯಾರ ಪೈಕಿ ಅಂತ ಎಲ್ಲ ವಿಚಾರಿಸುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ, ನಮ್ಮ ಕಡೆ ಅದು ಪ್ರೀತಿ. ಮುಗಿಯುವುದು ತಡವಾಗುತ್ತದೆ, ಚಹಾ ಕುಡಿಸದೆ ಬಿಡುವುದೂ ಇಲ್ಲ, ಹಾಗಾಗಿ ಊಟ ಮುಗಿಸಿಕೊಂಡೇ ಹೋಗಿ.