ಊರು ಬಿಡಲಿರುವ ಕಾರ್ಖಾನೆಗೆ ನಗರಸಭೆ ಸಾಲ ಕೊಡಬಹುದೇ?

ಪ್ರಶ್ನೆ: ನನ್ನ ತಾಯಿ ಇಲ್ಲಿನ ಒಂದು ಹಳೆಯ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ) ಬೀಜ ಆರಿಸುವ ಕೆಲಸ ಮಾಡುತ್ತಾರೆ. ಮಾಲೀಕರು ಅದನ್ನು ಬೇರೆ ಜಿಲ್ಲೆಗೆ ಸಾಗಿಸಲಿದ್ದಾರೆಂಬ ಮಾತಿದೆ. ಅಮೆರಿಕದ ನಗರಗಳು ಇಂತಹ ಸಂದರ್ಭದಲ್ಲಿ ಸಾಲ ಕೊಟ್ಟು ಉದ್ಯಮವನ್ನು ಉಳಿಸಿಕೊಳ್ಳುತ್ತವೆ ಎಂದು ಓದಿದ್ದೇನೆ. ನಮ್ಮ ನಗರಸಭೆಯೂ ಹಾಗೆ ಮಾಡಬಹುದೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ನೀವು ಓದಿರುವುದು ನಿಜ. ಅಲ್ಲಿನ ಹಲವು ನಗರಗಳು ಕಡಿಮೆ ಬಡ್ಡಿಗೆ ಸಾಲ ಕೊಟ್ಟು, ಕಂಪನಿಯು ಇಂತಿಷ್ಟು ವರ್ಷ ಇಂತಿಷ್ಟು ಜನರನ್ನು ಕೆಲಸದಲ್ಲಿ ಇಟ್ಟುಕೊಂಡರೆ ಅದರಲ್ಲಿ ಒಂದು ಭಾಗವನ್ನೋ ಪೂರ್ತಿಯನ್ನೋ ಮನ್ನಾ ಮಾಡುತ್ತವೆ. ಮಾತು ತಪ್ಪಿದರೆ ಹಣ ಹಿಂತಿರುಗಿಸಬೇಕೆಂಬ ಷರತ್ತನ್ನು ಕರಾರಿನಲ್ಲೇ ಬರೆಸಿಕೊಳ್ಳುತ್ತವೆ. ಆದರೆ ಕಂಪನಿಯೇ ಮುಳುಗಿದರೆ ಷರತ್ತಿನಿಂದ ಹೆಚ್ಚೇನೂ ದಕ್ಕುವುದಿಲ್ಲ. ರೋಡ್ ಐಲ್ಯಾಂಡ್ ರಾಜ್ಯವು 2010ರಲ್ಲಿ '38 ಸ್ಟುಡಿಯೋಸ್' ಎಂಬ ವಿಡಿಯೋ ಗೇಮ್ ಕಂಪನಿಯನ್ನು ನೆರೆರಾಜ್ಯದಿಂದ ಕರೆತರಲು 7.5 ಕೋಟಿ ಡಾಲರ್ ಸಾಲಕ್ಕೆ ಬೆಂಬಲವಾಗಿ ನಿಂತಿತು. 2012ರಲ್ಲಿ ಕಂಪನಿ ದಿವಾಳಿಯಾಗಿ ಹೊರೆ ತೆರಿಗೆ ಕಟ್ಟುವವರ ಮೇಲೆ ಬಿತ್ತು.

ನಮ್ಮಲ್ಲಿ ನಗರಸಭೆಯು ತನ್ನ ನಿಧಿಯಿಂದ ಖಾಸಗಿ ಕಾರ್ಖಾನೆಗೆ ಸಾಲ ಕೊಡುವ ಪದ್ಧತಿಯಿಲ್ಲ. ಕುಡಿಯುವ ನೀರು, ಚರಂಡಿ, ರಸ್ತೆಗಳಿಗೇ ಸಾಕಾಗದ ಆ ಹಣವನ್ನು ಸಾಲವಾಗಿ ಹಂಚುವುದು ಸರಿಯೆಂದು ನನಗೂ ಅನ್ನಿಸುವುದಿಲ್ಲ. ಸಾಲಕ್ಕೆ 1959ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಹಣಕಾಸು ಸಂಸ್ಥೆಯೂ ಬ್ಯಾಂಕುಗಳೂ ಇವೆ. ರಾಜ್ಯದ ಕೈಗಾರಿಕಾ ನೀತಿಯಲ್ಲಿರುವ ರಿಯಾಯಿತಿಗಳ ಬಗ್ಗೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬಹುದು. ಲಾರಿ ಓಡಾಡುವ ರಸ್ತೆ, ನೀರು, ಪರವಾನಗಿ ಇವುಗಳಲ್ಲಿ ಮಾಲೀಕರಿಗೆ ತೊಡಕಿದ್ದರೆ ಅದನ್ನು ಬಿಡಿಸುವುದು ನಗರಸಭೆಯ ಪಾಲಿನ ಕೆಲಸ.

ನಿಮ್ಮ ತಾಯಿಯವರ ವಿಷಯದಲ್ಲಿ ನನ್ನನ್ನು ಕಾಡುವ ಸಂಗತಿ ಬೇರೆಯೇ ಇದೆ. ಬೆಳೆಗಾರರ ಕಾಫಿಯೆಲ್ಲ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಮಂಡಳಿಯೇ ಒಟ್ಟಾಗಿ ಮಾರುತ್ತಿದ್ದ ದಾಸ್ತಾನಿಗೆ, ಸೇರುತ್ತಿದ್ದ ಕಾಲದಲ್ಲಿ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಕೆಲಸದ ಭರವಸೆಯಿತ್ತು. 1990ರ ದಶಕದಲ್ಲಿ ಮಾರುಕಟ್ಟೆ ಮುಕ್ತವಾದ ಮೇಲೆ ಅವು ಬೆಲೆ ಮತ್ತು ವೇಗದಲ್ಲಿ ಪೈಪೋಟಿಗೆ ಇಳಿಯಬೇಕಾಯಿತು. ಕಪ್ಪು ಬೀಜ, ಒಡೆದ ಬೀಜಗಳನ್ನು ಹೆಂಗಸರು ಸಾಲಾಗಿ ಕುಳಿತು ಆರಿಸುತ್ತಿದ್ದ ಕೆಲಸವನ್ನು ಈಗ ಹಲವೆಡೆ ಬಣ್ಣ ಗುರುತಿಸುವ ಯಂತ್ರಗಳು ಮಾಡುತ್ತವೆ. ಹೀಗಿರುವಾಗ, ಊರಲ್ಲೇ ಉಳಿಯಲೆಂದು ಪಡೆದ ಸಾಲದಲ್ಲಿ ಮಾಲೀಕರು ಅಂಥದೇ ಯಂತ್ರ ತಂದರೆ ಕಾರ್ಖಾನೆ ಉಳಿಯುತ್ತದೆ, ನಿಮ್ಮ ತಾಯಿಯವರ ಕೆಲಸ ಉಳಿಯದೆ ಹೋಗಬಹುದು.

ಆದ್ದರಿಂದ ಯಾವುದೇ ನೆರವಿನ ಮಾತು ಬಂದಾಗ ಎಷ್ಟು ಜನರ ಕೆಲಸ, ಎಷ್ಟು ವರ್ಷ, ಸುಗ್ಗಿಯ ತಿಂಗಳುಗಳಲ್ಲಿ ಮಾತ್ರ ಬರುವವರೂ ಲೆಕ್ಕಕ್ಕೆ ಸೇರುತ್ತಾರೆಯೇ, ಯಂತ್ರ ಬಂದರೆ ಅದನ್ನು ನಡೆಸುವ ತರಬೇತಿ ಈಗಿರುವ ಹೆಂಗಸರಿಗೇ ಸಿಗುತ್ತದೆಯೇ ಎಂಬುದು ಬರಹದಲ್ಲಿ ಇರಬೇಕೆಂದು ಕೇಳಿ. ನಿಮ್ಮ ತಾಯಿಯವರೂ ಜೊತೆಯವರೂ ಒಟ್ಟಾಗಿ ಸಹಿ ಮಾಡಿದ ಮನವಿಯನ್ನು ಮಾಲೀಕರಿಗೂ ಜಿಲ್ಲಾಧಿಕಾರಿಗಳಿಗೂ ಈಗಲೇ ಕೊಡುವುದು ಒಳ್ಳೆಯದು. ಯಂತ್ರಗಳು ಲಾರಿ ಹತ್ತಿದ ಮೇಲೆ ಕೊಟ್ಟರೆ ಕೇಳುವವರು ಇರುವುದಿಲ್ಲ.